ಮಗ್ಗದ ಕುಣಿಯಲ್ಲಿ ಸಿಕ್ಕ ಚಾಕು

ಬೈಬಲ್ ತಂದವರು ಬೈಬಲ್ ತೆಗೀರಿ. ಮೊಬೈಲ್‌ನಲ್ಲಿ ಓದೋರು ಮೊಬೈಲ್ ತೆಗೀರಿ, ಆದರೆ ದಯವಿಟ್ಟು ನೋಟಿಫಿಕೇಶನ್ ಬಂದ್ ಮಾಡಿ. ಜ್ಞಾನೋಕ್ತಿಗಳು 27:17.

ಕಬ್ಬಿಣ ಹರಿತ ಆಗಬೇಕಾದರೆ ಕಬ್ಬಿಣವೇ ಬೇಕು, ಹಾಗೇ ಮನುಷ್ಯ ಹರಿತ ಆಗಬೇಕಾದರೆ ಇನ್ನೊಬ್ಬ ಮನುಷ್ಯ ಬೇಕು. ಇದು ಆ ವಚನದ ಸಾರ. ಯೂತ್ ಮೀಟಿಂಗ್‌ಗಳಲ್ಲಿ ಇದನ್ನ ಎಷ್ಟು ಸಲ ಕೇಳಿಲ್ಲ ನಾವು! ಟೀ ಶರ್ಟ್ ಮೇಲೂ ಪ್ರಿಂಟ್ ಹಾಕಿಸಿದ್ದೀವಿ. ಒಳ್ಳೇ ಫ್ರೆಂಡ್ಸ್ ಇಟ್ಕೊಳ್ಳಿ ಅಂತ ಅರ್ಥ ಹೇಳಿ ಮುಗಿಸ್ತೀವಿ. ನಾನೂ ಹಾಗೇ ಪ್ರಸಂಗ ಮಾಡಿದವನೇ. ಆದರೆ ಕಳೆದ ಬೇಸಿಗೆಯಲ್ಲಿ ಕರ್ತನು 12 ರೂಪಾಯಿಯ ಒಂದು ಮಡಚೋ ಚಾಕು ಇಟ್ಕೊಂಡು ಈ ವಚನವನ್ನ ನನಗೆ ಮೊದಲಿಂದ ಕಲಿಸಿದನು. ಆ ಚಾಕು ಇವತ್ತು ನನ್ನ ಹತ್ತಿರ ಇಲ್ಲ. ಯಾಕಿಲ್ಲ ಅಂತ ಕೊನೆಗೆ ಹೇಳ್ತೀನಿ.

ನನ್ನ ಊರು ಗುಳೇದಗುಡ್ಡ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಬಾಸೆಲ್ ಮಿಶನ್‌ನವರು 1851ರಲ್ಲೇ ಕೇಂದ್ರ ತೆರೆದ ಊರು ಅದು. ಆದರೆ ಹೊರಗಿನವರಿಗೆ ಗುಳೇದಗುಡ್ಡ ಅಂದರೆ ಖಣ. ರೇಷ್ಮೆ, ಹತ್ತಿ ನೂಲು ಸೇರಿಸಿ ನೇಯ್ದ ಕುಪ್ಪಸದ ಬಟ್ಟೆ. ಉತ್ತರ ಕರ್ನಾಟಕದ ಅವ್ವಂದಿರು ಇಳಕಲ್ ಸೀರೆ ಉಟ್ಟರೆ ಮೇಲೆ ಗುಳೇದಗುಡ್ಡದ ಖಣ ತೊಡಬೇಕು. ನಮ್ಮ ಅಪ್ಪನೂ ಖಣ ನೇಯ್ತಿದ್ದರು. ಮನೆಯಲ್ಲಿ ಕುಣಿ ಮಗ್ಗ ಇತ್ತು. ನೆಲದಲ್ಲಿ ಒಂದು ಕುಣಿ ತೋಡಿರ್ತಾರೆ, ನೇಯೋರು ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳೀತಾರೆ, ಮೇಲೆ ಕೈಯಿಂದ ಲಾಳಿ ಓಡಿಸ್ತಾರೆ. ನಾನೂ ನಮ್ಮ ಅಣ್ಣನೂ ಆ ಸದ್ದಿನಲ್ಲೇ ಬೆಳೆದವರು.

ನಾನು ಎಂಟನೇ ಕ್ಲಾಸಿನಲ್ಲಿದ್ದೆ. ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ ನಡೀತದಲ್ಲ, ಅಲ್ಲಿ ಬಾಗಿಲು ಚೌಕಟ್ಟಿನಿಂದ ಹಿಡಿದು ಬಳೆತನಕ ಎಲ್ಲಾ ಸಿಗ್ತದೆ. ಸಾಮಾನು ತರೋಕೆ ಅಪ್ಪನ ಜೊತೆ ಹೋದಾಗ ನಾನು ಕೂಡಿಟ್ಟಿದ್ದ ದುಡ್ಡಲ್ಲಿ ಒಂದು ಚಾಕು ತಗೊಂಡೆ. ಕೆಂಪು ಪ್ಲಾಸ್ಟಿಕ್ ಹಿಡಿ, ಬೆರಳುದ್ದದ ಅಲಗು. ಪೇರಲ ಹಣ್ಣು ಕೊಯ್ಯೋದು, ಪೆನ್ಸಿಲ್ ಚೂಪು ಮಾಡೋದು, ಗಾಳಿಪಟದ ದಾರ ಕತ್ತರಿಸೋದು, ಎಲ್ಲಾ ಅದರಲ್ಲೇ. ಓಣಿಯಲ್ಲಿ ನನ್ನ ಹತ್ತಿರ ಮಾತ್ರ ಇತ್ತು. ನಿಮಗೆ ಮೊದಲ ಐಫೋನ್ ಹೇಗೋ ನನಗೆ ಅದು ಹಾಗೆ.

ಮಳೆಗಾಲ ಶುರುವಾಗೋ ಹೊತ್ತಿಗೆ ಚಾಕು ಕಾಣೆ ಆಯ್ತು. ಎಲ್ಲಾ ಕಡೆ ಹುಡುಕಿದೆ. ಆಮೇಲೆ ಅಪ್ಪನ ಮುಂದೆ ನಿಂತು ಹೇಳಿದೆ, "ಅಣ್ಣ ಕದ್ದಾನ. ಗುಟ್ಕಾಕ್ಕ ಮಾರಿಕೊಂಡಾನ." ನಾನು ನೋಡಿದ್ದೆನಾ? ಇಲ್ಲ. ಸಿಟ್ಟಿತ್ತು, ಅಷ್ಟೇ. ಅಣ್ಣ ಆಗ ತಾನೇ ಶಾಲೆ ಬಿಟ್ಟು ಮಗ್ಗಕ್ಕೆ ಕೂತಿದ್ದ. ಗುಟ್ಕಾ ತಿನ್ನೋ ಹುಡುಗರ ಜೊತೆ ತಿರುಗಾಡೋದನ್ನ ಅಪ್ಪ ನೋಡಿದ್ದರು. ನನ್ನ ಮಾತು ನಂಬೋಕೆ ಅಷ್ಟು ಸಾಕಾಯ್ತು. ಅಣ್ಣ ಒಂದೇ ಸಲ "ನಾ ತಗೊಂಡಿಲ್ಲ" ಅಂದ. ಅಪ್ಪ ಕೆನ್ನೆಗೆ ಹೊಡೆದರು. ಎರಡನೇ ಸಲ ಅವನು ಏನೂ ಅನ್ನಲಿಲ್ಲ.

ಮುಂದಿನ ವರ್ಷ ಅಣ್ಣ ಇಳಕಲ್‌ಗೆ ಹೋದ, ಅಲ್ಲೇ ಸೀರೆ ನೇಯೋ ಕೆಲಸ ಹಿಡಿದ. ನಾನು ಓದಿದೆ, ಬೆಂಗಳೂರಿಗೆ ಬಂದೆ, ರಕ್ಷಣೆ ಹೊಂದಿದೆ, ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದೆ. ನನ್ನ ಮದುವೆಗೆ ಅಣ್ಣ ಬಂದ, ಉಂಡ, ಹೋದ. ಅಪ್ಪ ತೀರಿಕೊಂಡಾಗ ಇಬ್ಬರೂ ಒಂದೇ ಕಡೆ ಹೆಗಲು ಕೊಟ್ಟೆವು, ಆದರೆ ಮಾತಿಲ್ಲ. ಯಾರಾದರೂ ಕೇಳಿದರೆ "ಅವನ ಸ್ವಭಾವನೇ ಹಂಗ" ಅಂತಿದ್ದೆ.

ಕಳೆದ ಬೇಸಿಗೆಯಲ್ಲಿ ಅವ್ವ ಫೋನ್ ಮಾಡಿ, "ಮಗ್ಗ ನಿಂತು ಎಷ್ಟೋ ವರ್ಷ ಆತು, ಕುಣಿ ಮುಚ್ಚಿಸಿ ಟೈಲ್ಸ್ ಹಾಕಸೋಣು" ಅಂದಳು. ಹೋದೆ. ಕಟ್ಟಿಗೆ ಬಿಚ್ಚಿ, ಕುಣಿಯೊಳಗೆ ಇಳಿದು, ದೂಳು, ನೂಲಿನ ಚೂರು ಎಲ್ಲಾ ಬಾಚುತ್ತಿದ್ದೆ. ಪಕ್ಕದ ಒಂದು ಕಲ್ಲು ಸಡಿಲ ಆಗಿತ್ತು. ಅದನ್ನ ಎತ್ತಿದಾಗ ಸಂದಿಯಲ್ಲಿ ಕೆಂಪು ಬಣ್ಣದ ಏನೋ ಕಂಡಿತು.

ಪ್ರಿಯರೇ, ಆ ಕ್ಷಣಕ್ಕೆ ಎಲ್ಲಾ ನೆನಪಿಗೆ ಬಂತು. ಗಾಳಿಪಟಕ್ಕೆ ದಾರ ಬೇಕು ಅಂತ ಉಳಿದ ನೂಲು ಕತ್ತರಿಸ್ತಾ ಕುಣಿ ಅಂಚಿಗೆ ಕೂತವನು ನಾನೇ. ಯಾರೋ ಹೊರಗಿಂದ ಕೂಗಿದರು, ಚಾಕು ಅಲ್ಲೇ ಬಿಟ್ಟು ಓಡಿದವನೂ ನಾನೇ. 22 ವರ್ಷ ಅದು ನಮ್ಮ ಮನೆಯಲ್ಲೇ ಇತ್ತು.

ಚಾಕು ತೆರೆಯಲಿಲ್ಲ. ತುಕ್ಕು ಕೀಲಿಗೆಲ್ಲಾ ಹಿಡಿದಿತ್ತು. ಜೋರು ಮಾಡಿದರೆ ಹಿಡಿ ಮುರಿಯೋದು. ಮೊದಲಾದರೆ ಚಿಮಣಿ ಎಣ್ಣೆಯಲ್ಲಿ ನೆನೆಸ್ತಿದ್ದರು, ಈಗ ಅದು ಮನೆಯಲ್ಲಿ ಇಲ್ಲ, ಕೊಬ್ಬರಿ ಎಣ್ಣೆ ಹಾಕಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಮೆಲ್ಲಗೆ ಅಲುಗಾಡಿಸಿದೆ, ತೆರೆಯಿತು. ಆಮೇಲೆ ಮಸೆಯೋದು. ಬಾದಾಮಿ ಗುಡ್ಡದ ಮರಳುಗಲ್ಲು ನಮ್ಮ ಹಿತ್ತಲಲ್ಲೂ ಇದೆ, ಕುಡುಗೋಲು ಮಸೆಯೋಕೆ ಅದೇ. ಆ ಕಲ್ಲಿನ ಮರಳಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ನೀರು ಹಾಕಿ ತಿಕ್ಕಿದರೆ ಕಪ್ಪು ನೀರು ಇಳೀತದೆ. ಆ ಕಪ್ಪು ಏನು ಅಂತೀರಿ? ಮೊದಲು ತುಕ್ಕು. ಆಮೇಲೆ ಚಾಕುವಿನ ಕಬ್ಬಿಣವೇ. ಸ್ವಲ್ಪ ಸವೆಯದೇ ಯಾವ ಚಾಕೂ ಹರಿತ ಆಗೋದಿಲ್ಲ.

ಈಗ ಪಾಠಕ್ಕೆ ಬರೋಣ. ಎರಡು ವಿಷಯ ಬರ್ಕೊಳ್ಳಿ.

ಮೊದಲನೆಯದು: ಮಸೆಯೋದಕ್ಕೆ ಬೆಲೆ ಇದೆ. 1 ಸಮುವೇಲ 13:19ರಿಂದ 22 ನೋಡಿ. ಸೌಲನ ಕಾಲದಲ್ಲಿ ಇಸ್ರಾಯೇಲಿನಲ್ಲಿ ಒಬ್ಬ ಕಮ್ಮಾರನೂ ಇರಲಿಲ್ಲ, ಫಿಲಿಷ್ಟಿಯರು ಇರೋಕೆ ಬಿಡಲಿಲ್ಲ. ನೇಗಿಲ ಗುಳ, ಕೊಡಲಿ ಮಸೆಸಬೇಕಾದರೂ ಶತ್ರುವಿನ ಹತ್ತಿರ ಹೋಗಬೇಕು. ಅದಕ್ಕೆ ಕೊಡ್ತಿದ್ದ ದರ ಹೇಳೋಕೆ ಅಲ್ಲಿ "ಪಿಮ್" ಅನ್ನೋ ಹೀಬ್ರೂ ಪದ ಇದೆ. ಬೈಬಲ್‌ನಲ್ಲಿ ಬೇರೆಲ್ಲೂ ಇಲ್ಲದ ಪದ. 1611ರ ಇಂಗ್ಲಿಷ್ ಬೈಬಲ್ ಮಾಡಿದವರು ಅರ್ಥ ತಿಳಿಯದೆ "ಅರ" ಇರಬಹುದು ಅಂತ ಊಹಿಸಿದರು. ಆಮೇಲೆ ಆ ದೇಶದಲ್ಲಿ ಮಣ್ಣು ಅಗೆದಾಗ ಅದೇ ಪದ ಕೆತ್ತಿದ ಚಿಕ್ಕ ಚಿಕ್ಕ ತೂಕದ ಕಲ್ಲುಗಳು ಸಿಕ್ಕವು. ಒಂದೊಂದು ಸುಮಾರು 7.6 ಗ್ರಾಂ, ಅಂದರೆ ಒಂದು ಶೆಕೆಲಿನಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ. ಅಷ್ಟು ಬೆಳ್ಳಿ ತೂಗಿ ಕೊಟ್ಟು ರೈತ ತನ್ನ ಗುಳ ಹರಿತ ಮಾಡಿಸ್ತಿದ್ದ. ಬೆಲೆ ಕೊಡೋಕೆ ಮನಸ್ಸಿಲ್ಲದಿದ್ದರೆ ಮೊಂಡ ಗುಳದಲ್ಲೇ ಉಳಬೇಕು. ಪ್ರಸಂಗಿ 10:10 ಹೇಳೋದೂ ಅದೇ: ಮಸೆಯದೇ ಬಿಟ್ಟ ಕಬ್ಬಿಣಕ್ಕೆ ತೋಳಿನ ಬಲ ಜಾಸ್ತಿ ಹಾಕಬೇಕಾಗ್ತದೆ. ನಾನು 22 ವರ್ಷ ಜಾಸ್ತಿ ಬಲ ಹಾಕಿದೆ. ಜೋರಾಗಿ ಆರಾಧನೆ, ಉದ್ದ ಉಪವಾಸ, ರಾತ್ರಿ ಪ್ರಾರ್ಥನೆ. ಅವೆಲ್ಲಾ ಒಳ್ಳೇವೇ. ಆದರೆ ಅಣ್ಣನ ವಿಷಯ ಬಂದ ಕೂಡಲೇ ನನ್ನ ಆತ್ಮ ಮೊಂಡು.

ಎರಡನೆಯದು: ಹರಿತ ಆಗೋದು ಮುಖಕ್ಕೆ ಮುಖ ಕೊಟ್ಟಾಗ. ಜ್ಞಾನೋಕ್ತಿ 27:17ರ ಹೀಬ್ರೂ ಮೂಲದಲ್ಲಿ ಮನುಷ್ಯ ತನ್ನ ಗೆಳೆಯನ "ಮುಖ"ವನ್ನ ಹರಿತ ಮಾಡ್ತಾನೆ ಅಂತಿದೆ. ಪಾನೀಮ್, ಅಂದರೆ ಮುಖ. ಪ್ರಸಂಗಿ 10:10ರಲ್ಲಿ ಕಬ್ಬಿಣದ ಬಾಯಿಗೆ, ಅಂದರೆ ಅಲಗಿನ ಅಂಚಿಗೆ, ಯಾವ ಪದ ಇದೆ ಗೊತ್ತಾ? ಅಲ್ಲೂ ಪಾನೀಮ್. ಕಬ್ಬಿಣದ ಮುಖ. ಚಾಕು ತನ್ನ ಮುಖವನ್ನ ಕಲ್ಲಿಗೆ ಕೊಡಬೇಕು. ಪಕ್ಕದಲ್ಲಿ ಇಟ್ಟರೆ ಆಗೋದಿಲ್ಲ, ಫೋಟೋ ತೋರಿಸಿದರೆ ಆಗೋದಿಲ್ಲ.

ಯಾಕೆ ಹೇಳ್ತೀನಿ ಅಂದರೆ, ನಾನು ಫೋಟೋನೇ ಕಳಿಸಿದೆ. ಬೆಂಗಳೂರಿಗೆ ವಾಪಸ್ ಬಂದು ಅಣ್ಣನಿಗೆ ವಾಟ್ಸಾಪ್ ಮಾಡಿದೆ. ಚಾಕುವಿನ ಫೋಟೋ, ಕೆಳಗೆ "ಅಣ್ಣಾ, ಕುಣಿಯಲ್ಲಿ ಸಿಕ್ತು. ಸಾರಿ", ಒಂದು ಕೈಮುಗಿಯೋ ಇಮೋಜಿ. ಎರಡು ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ನನಗೆ ಒಳಗೊಳಗೇ ಸಮಾಧಾನ ಆಯ್ತು, ನನ್ನ ಕೆಲಸ ಮುಗೀತು ಅಂತ. ಆ ಭಾನುವಾರ ಕರ್ತನ ಮೇಜು ಇತ್ತು. ರೊಟ್ಟಿ ಕೈಗೆ ತಗೊಂಡಾಗ ಮತ್ತಾಯ 5:23, 24 ನನ್ನನ್ನ ಹಿಡಿದು ನಿಲ್ಲಿಸಿತು. ಕಾಣಿಕೆ ಅರ್ಪಿಸೋಕೆ ಬಂದವನಿಗೆ, ನನ್ನಿಂದ ಅಣ್ಣನಿಗೋ ತಮ್ಮನಿಗೋ ನೋವಾಗಿದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಆಗು ಅಂತಾರೆ ಯೇಸಪ್ಪ. ಈ ಮಾತು ಕೇಳ್ತಿದ್ದವರು ಗಲಿಲಾಯದ ಜನ. ಯಜ್ಞವೇದಿ ಇದ್ದಿದ್ದು ಯೆರೂಸಲೇಮಿನಲ್ಲಿ. ಹೋಗೋಕೇ ಮೂರು ನಾಲ್ಕು ದಿನದ ನಡಿಗೆ! ಅಷ್ಟು ದೂರ ವಾಪಸ್ ನಡಿ, ಆಮೇಲೆ ಮತ್ತೆ ಬಾ ಅಂತಾರೆ. ನನಗೆ ಇದ್ದಿದ್ದು ಒಂದು ರಾತ್ರಿಯ ಬಸ್ಸು. ಅವತ್ತು ರೊಟ್ಟಿ ಹಂಚೋ ಕೆಲಸ ಹಿರಿಯರಿಗೆ ಒಪ್ಪಿಸಿದ್ದು ನಿಮಗೆ ನೆನಪಿರಬಹುದು. ಹುಷಾರಿಲ್ಲ ಅಂತ ನೀವು ಅಂದ್ಕೊಂಡಿರಿ. ಕಾರಣ ಇದು.

ಮೊದಲು ಗುಳೇದಗುಡ್ಡಕ್ಕೆ ಹೋಗಿ ಅವ್ವನ್ನ ನೋಡಿ, ಅಲ್ಲಿಂದ ಅಮೀನಗಡ, ಹುನಗುಂದ ದಾಟಿ ಇಳಕಲ್ ಮುಟ್ಟಿದೆ. ಅಮೀನಗಡದಲ್ಲಿ ಕರದಂಟು ತಗೊಂಡೆ, ಬರಿಗೈಯಲ್ಲಿ ಹೋಗೋ ಧೈರ್ಯ ಇರಲಿಲ್ಲ. ಅಣ್ಣ ಮಗ್ಗದ ಮೇಲಿದ್ದ. ನನ್ನ ನೋಡಿದ, ಮಗ್ಗ ನಿಲ್ಲಿಸಲಿಲ್ಲ. ನಾನು ಕಾದೆ. ಕೊನೆಗೆ ಚಾಕು ಅವನ ಮುಂದೆ ಇಟ್ಟು, "ಅಣ್ಣಾ, ನಾನೇ ಬೀಳಿಸಿದ್ದೆ. ನೀ ಕದ್ದಿರಲಿಲ್ಲ. ನೋಡದೇನೇ ನಿನ್ನ ಮ್ಯಾಲ ಹಾಕಿದೆ" ಅಂದೆ.

ಅವನು ಹೇಳಿದ್ದು ಹೀಗೆ: "ಚಾಕುದ್ದು ಬಿಡೋ. ಅಪ್ಪ ಸಾಯೋತನಕ ನನ್ನ ಕಳ್ಳ ಅಂತನ ತಿಳಕೊಂಡಿದ್ದ. ಅದನ್ನ ಹೆಂಗ ತಿದ್ದತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಕ್ಷಮಿಸೋ ದೇವರು ನಮಗಿದ್ದಾನೆ, ಆದರೆ ಕಳೆದ ವರ್ಷಗಳನ್ನ ನಾನು ಅಣ್ಣನಿಗೆ ವಾಪಸ್ ಕೊಡೋಕೆ ಆಗೋದಿಲ್ಲ. ವಚನ ಹೇಳೋಣ ಅಂತ ಬಾಯಿ ತೆರೆದೆ, ಮುಚ್ಚಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಅಂದ, "ಅವ್ವಗ ಫೋನ್ ಹಚ್ಚು. ನನ್ನ ಮುಂದ ಹೇಳು." ಹಚ್ಚಿದೆ, ಸ್ಪೀಕರ್ ಹಾಕಿದೆ. ಹಿಂದಿನ ದಿನ ಅವ್ವನ ಮನೆಯಲ್ಲೇ ಇದ್ದವನು, ಒಂದು ಮಾತೂ ಹೇಳಿರಲಿಲ್ಲ. ಪಾಸ್ಟರ್ ಮಗ ಅಂತ ನನ್ನ ಬಗ್ಗೆ ಊರೆಲ್ಲಾ ಹೇಳಿಕೊಳ್ಳೋ ಅವ್ವಗೆ, ನಾನು ಸುಳ್ಳು ಹೇಳಿ ಅಣ್ಣನಿಗೆ ಹೊಡೆಸಿದೆ ಅಂತ ಹೇಳಬೇಕಾಯ್ತು. ಅಲ್ಲೇ ನನ್ನ ಕಬ್ಬಿಣ ಸವೆದದ್ದು. ಅವ್ವ ಅತ್ತಳು. ಆಮೇಲೆ ನನ್ನ ಜೊತೆ ಅಲ್ಲ, ಅಣ್ಣನ ಜೊತೆ ಮಾತಾಡಿದಳು.

ಅಣ್ಣ ಕ್ಷಮಿಸಿದೆ ಅಂತ ಇನ್ನೂ ಅಂದಿಲ್ಲ. ನಾನು ಒತ್ತಾಯ ಮಾಡೋದೂ ಇಲ್ಲ. ಆದರೆ ಹೊರಡೋವಾಗ ಚಾ ಕುಡಿಸಿದ. ಚಾಕು ತಗೊಂಡು ಮಗ್ಗದ ಮೇಲಿನ ಒಂದು ಎಳೆ ಕತ್ತರಿಸಿ ನೋಡಿ, "ಹರತ ಐತಿ" ಅಂದ. ಚಾಕು ಅವನ ಹತ್ತಿರವೇ ಇದೆ. ನೇಯ್ಗೆಯಲ್ಲಿ ಹಳೇ ಹಾಸು ಮುಗಿದಾಗ ಹೊಸ ಹಾಸಿನ ನೂಲನ್ನ ಒಂದೊಂದೇ ಎಳೆ ಸೇರಿಸಿ ಕೆಚ್ಚುತಾರೆ. ಒಂದೇ ಸಲ ಆಗೋ ಕೆಲಸ ಅಲ್ಲ. ಈಗ ವಾರಕ್ಕೊಮ್ಮೆ ಫೋನ್ ಮಾಡ್ತೀನಿ, ಕೆಲವು ಸಲ ಎತ್ತುತಾನೆ.

ಒಂದು ಎಚ್ಚರಿಕೆಯ ಮಾತು. ನಿಮ್ಮಲ್ಲಿ ಕೆಲವರು ಹೊಡೆತ ತಿಂದವರು, ಮೋಸ ಹೋದವರು. ನಿಮಗೆ ಕೇಡು ಮಾಡಿದವನ ಮನೆಗೆ ಒಬ್ಬರೇ ಹೋಗಿ ಅಂತ ನಾನು ಹೇಳ್ತಿಲ್ಲ. ಮತ್ತಾಯ 5ರ ಈ ಮಾತು ತಪ್ಪು ಮಾಡಿದವರಿಗೆ, ನನ್ನಂಥವರಿಗೆ. ನೊಂದವರು ಹಿರಿಯರ ಹತ್ತಿರ ಬನ್ನಿ, ಮಾತಾಡೋಣ, ಪ್ರಾರ್ಥಿಸೋಣ.

ಉಳಿದವರಿಗೆ ಈ ವಾರದ ಮನೆಗೆಲಸ. ಒಂದು ಹೆಸರು ಬರೀರಿ, ನಿಮ್ಮಿಂದ ನೊಂದವರ ಹೆಸರು. ಯಾವ ತಪ್ಪು ಅಂತ ಒಂದೇ ಸಾಲಿನಲ್ಲಿ ಬರೀರಿ, "ಆದರೆ" ಅನ್ನೋ ಪದ ಹಾಕಬೇಡಿ. ಮೆಸೇಜ್ ಕಳಿಸಬೇಡಿ, ಬಸ್ಸಿನ ಟಿಕೆಟ್ ಬುಕ್ ಮಾಡಿ. ಮುಂದಿನ ಕರ್ತನ ಮೇಜಿಗೆ ಇನ್ನೂ ಮೂರು ವಾರ ಇದೆ.

ಎಲ್ಲರೂ ತಲೆ ಬಗ್ಗಿಸೋಣ. ಪರಲೋಕದ ತಂದೆಯೇ, ನಮ್ಮ ಮನೆಯ ಸಂದಿಯಲ್ಲಿ ನಾವೇ ಬೀಳಿಸಿ ಮರೆತದ್ದನ್ನ ನಮಗೆ ತೋರಿಸು. ಹೋಗೋಕೆ ಕಾಲಿಗೆ ಬಲ ಕೊಡು, ಅಲ್ಲಿ ಹೋದ ಮೇಲೆ ಸುಮ್ಮನೆ ಕೇಳಿಸಿಕೊಳ್ಳೋಕೆ ಕಿವಿ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.