ಓಡುವ ಓಪನಿಂಗ್, ಗೆಲ್ಲುವ ಓಪನಿಂಗ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಶಾಲಾ ಮಕ್ಕಳ ಚೆಸ್ ಪಂದ್ಯಗಳಲ್ಲಿ ಯಾರು ಯಾವ ಓಪನಿಂಗ್ ಆಡಿದರು, ಏನಾಯಿತು ಎಂಬುದನ್ನು ವರ್ಷಗಳಿಂದ ಒಂದು ವಹಿಯಲ್ಲಿ ಬರೆದಿಡುತ್ತ ಬಂದಿದ್ದೇನೆ. 2024ರ ಡಿಸೆಂಬರ್‌ನಲ್ಲಿ ಗುಕೇಶ್ ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ಬೋರ್ಡಿನ ಮುಂದೆ ಕೂರಲು ಬರುವ ಮಕ್ಕಳು ಹೆಚ್ಚಾಗಿದ್ದಾರೆ. ಅವರ ತಂದೆ-ತಾಯಿ ನನ್ನನ್ನು ಮೊದಲು ಕೇಳುವ ಮಾತು ಇದು: "ಸರ್, ಯಾವ ಓಪನಿಂಗ್ ಕಲಿಸಿದ್ರ ನಮ್ಮ ಹುಡುಗ ಗೆಲ್ತಾನ್ರಿ?" ವಹಿಯಲ್ಲಿ ಉತ್ತರವಿದೆ. ಆದರೆ ಗೆಲುವಿನ ಶೇಕಡಾವಾರು ನೋಡಿ ಮೇಲಿನ ಹೆಸರು ಹೇಳಿಬಿಟ್ಟರೆ ಅದು ಉತ್ತರವಾಗುವುದಿಲ್ಲ. ಆ ಕೋಷ್ಟಕವನ್ನು ಓದುವ ಬಗೆ ನನಗೆ ತಿಳಿದಷ್ಟು ಇಲ್ಲಿದೆ.

1. ನಾಲ್ಕು ನಡೆಯ ಮೇಟ್‌ಗೆ ಒಂದು ಆಯುಷ್ಯವಿದೆ

ಹದಿನಾಲ್ಕರ ಒಳಗಿನ ಮಕ್ಕಳಲ್ಲಿ ಅತಿ ಹೆಚ್ಚು ಓಡುವುದು ಇದೇ. ಬಿಳಿಯವನು ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ನೂಕುತ್ತಾನೆ, ವಜೀರನನ್ನು ಎಚ್5ಕ್ಕೆ ತರುತ್ತಾನೆ, ಒಂಟೆಯನ್ನು ಸಿ4ಕ್ಕೆ ಇಡುತ್ತಾನೆ. ಇಬ್ಬರ ಕಣ್ಣೂ ಎಫ್7ರ ಮೇಲೆ. ಆ ಮನೆಗೆ ಕರಿಯ ರಾಜನೊಬ್ಬನದೇ ಕಾವಲು. ಎದುರಿನ ಮಗು ವಜೀರನನ್ನು ಹೆದರಿಸಲು ಕುದುರೆಯನ್ನು ಎಫ್6ಕ್ಕೆ ತಂದರೆ ಆಟ ಅಲ್ಲಿಗೆ ಮುಗಿಯಿತು.

ಒಂದು ಶಾಲೆಗೆ ಚೆಸ್ ಹೊಸದಾಗಿ ಬಂದ ವರ್ಷ ಈ ಆಟ ಎದುರಿಲ್ಲದೆ ಗೆಲ್ಲುತ್ತದೆ. ಮರುವರ್ಷ ಒಬ್ಬಿಬ್ಬರಿಗೆ ಉತ್ತರ ಗೊತ್ತಾಗುತ್ತದೆ. ಮೂರನೇ ನಡೆಯಲ್ಲಿ ಜಿ ಸಾಲಿನ ಪ್ಯಾದೆಯನ್ನು ಒಂದು ಮನೆ ಮುಂದಿಟ್ಟರೆ ಸಾಕು, ವಜೀರ ಎಫ್3ಕ್ಕೆ ಹಿಂದೆ ಸರಿದು ಮತ್ತೆ ಎಫ್7ಕ್ಕೆ ಗುರಿಯಿಡುತ್ತಾನೆ. ಈಗ ಕುದುರೆ ಎಫ್6ಕ್ಕೆ ಬಂದು ದಾರಿ ಮುಚ್ಚುತ್ತದೆ. ಆಗಲೇ ಸಿ6ಕ್ಕೆ ಬಂದಿರುವ ಇನ್ನೊಂದು ಕುದುರೆ ಡಿ4ಕ್ಕೆ ಹಾರಲು ಕಾದಿರುತ್ತದೆ. ಹಾರಿದರೆ ವಜೀರನಿಗೂ ಏಟು, ಸಿ2 ಪ್ಯಾದೆಗೂ ಏಟು. ಬಿಳಿಯವನ ವಜೀರ, ಒಂದು ಒಂಟೆ ಮಾತ್ರ ಹೊರಬಂದಿವೆ, ಉಳಿದ ಪಡೆ ಇನ್ನೂ ಮನೆಯಲ್ಲೇ ಇದೆ.

ನಾನು ಗಮನಿಸಿದ ಸಂಗತಿ ಇದರ ಮುಂದಿನದು. ಉತ್ತರ ಹರಡಿದ ಮೇಲೂ ಆಡುವವರ ಸಂಖ್ಯೆ ತಕ್ಷಣ ಇಳಿಯುವುದಿಲ್ಲ. ಗೆಲುವು ಮೊದಲು ಕುಸಿಯುತ್ತದೆ, ಮೋಹ ತಡವಾಗಿ ಬಿಡುತ್ತದೆ. ಅಣ್ಣ ಗೆದ್ದದ್ದನ್ನು ನೋಡಿದ ತಮ್ಮ ಅದನ್ನೇ ಆಡುತ್ತಾನೆ. ಹೀಗಾಗಿ ವಹಿಯಲ್ಲಿ ಯಾವುದಾದರೂ ಓಪನಿಂಗ್ ತುಂಬ ಓಡುತ್ತಿದ್ದರೆ ಅದು ಈಗ ಚೆನ್ನಾಗಿದೆ ಎಂದಲ್ಲ, ಹಿಂದೊಮ್ಮೆ ಚೆನ್ನಾಗಿತ್ತು ಎಂದು ಓದುತ್ತೇನೆ.

2. ದೊಡ್ಡವರಲ್ಲೂ ಹೀಗೆಯೇ

2000ರಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವ ಪಟ್ಟದ ಪಂದ್ಯದಲ್ಲಿ ಕ್ರಾಮ್ನಿಕ್ ಕರಿಯ ಕಾಯಿಗಳಿಂದ ಬರ್ಲಿನ್ ಡಿಫೆನ್ಸ್ ಆಡಿದರು. ಅಲ್ಲಿಯವರೆಗೆ ಅದಕ್ಕೆ ಅಷ್ಟು ಬೆಲೆ ಇರಲಿಲ್ಲ. ಕಾಸ್ಪರೋವ್ ಒಂದೇ ಒಂದು ಆಟವನ್ನೂ ಗೆಲ್ಲಲಾಗದೆ ಪಟ್ಟ ಕಳೆದುಕೊಂಡ ಮೇಲೆ ಜಗತ್ತೆಲ್ಲ ಬರ್ಲಿನ್ ಹಿಂದೆ ಬಿತ್ತು. ಗಮನಿಸಬೇಕಾದ್ದೆಂದರೆ, ಆ ಪಂದ್ಯದಲ್ಲಿ ಬರ್ಲಿನ್ ತಂದುಕೊಟ್ಟದ್ದು ಡ್ರಾಗಳನ್ನು. ಬರೀ ಗೆಲುವನ್ನು ಎಣಿಸಿದ್ದರೆ ಅದು ಕೋಷ್ಟಕದ ತಳದಲ್ಲಿರುತ್ತಿತ್ತು. ನನ್ನ ವಹಿಯಲ್ಲಿ ಡ್ರಾಕ್ಕೆ ಅರ್ಧ ಅಂಕ ಬರೆಯದೆ ಯಾವ ಲೆಕ್ಕವನ್ನೂ ಮಾಡುವುದಿಲ್ಲ.

ಕಾರ್ಡ್ ಆಟಗಳ ಲೀಗ್‌ಗಳಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. 1993ರಲ್ಲಿ ಬಂದ ಮ್ಯಾಜಿಕ್ ದಿ ಗ್ಯಾದರಿಂಗ್ ಎಂಬ ಆಟದಲ್ಲಿ ಆಟಗಾರ ತನ್ನ ಕಾರ್ಡುಗಳ ಕಟ್ಟನ್ನು ತಾನೇ ಜೋಡಿಸಿಕೊಂಡು ಬರುತ್ತಾನೆ. 2016ರ ಫೆಬ್ರವರಿಯಲ್ಲಿ ಅಟ್ಲಾಂಟಾದಲ್ಲಿ ನಡೆದ ಪ್ರೊ ಟೂರ್‌ನಲ್ಲಿ ಕೊನೆಯ ಎಂಟು ಮಂದಿಯಲ್ಲಿ ಆರು ಮಂದಿಯ ಕೈಯಲ್ಲಿ ಎಲ್ಡ್ರಾಜಿ ಕಟ್ಟುಗಳಿದ್ದವು. ಎಲ್ಲರೂ ಅದನ್ನೇ ಕಟ್ಟಲು ಹೊರಟರು. ಏಪ್ರಿಲ್ ಹೊತ್ತಿಗೆ ಕಂಪನಿಯವರು ಅದರ ಮುಖ್ಯ ಕಾರ್ಡೊಂದನ್ನು ನಿಷೇಧಿಸಿದರು. ಚೆಸ್ಸಿನಲ್ಲಿ ಹಾಗೆ ನಿಷೇಧಿಸುವವರಿಲ್ಲ. ಸೋತ ಮಕ್ಕಳೇ ಮನೆಗೆ ಹೋಗಿ ಉತ್ತರ ಹುಡುಕಬೇಕು, ಹುಡುಕುತ್ತಾರೆ ಕೂಡ. ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕಾಗಿ.

3. ಬಣ್ಣ ಬೇರೆ ಮಾಡದೆ ಶೇಕಡಾ ಹೇಳಬೇಡಿ

ಜಗತ್ತಿನ ದೊಡ್ಡ ಆಟ-ಸಂಗ್ರಹಗಳಲ್ಲಿ ಬಿಳಿಯವರಿಗೆ ಡ್ರಾ ಸೇರಿಸಿ ಸರಾಸರಿ ಶೇ. 54ರಿಂದ 55ರಷ್ಟು ಅಂಕ ಸಿಗುತ್ತದೆ. ಬಿಳಿಯ ಓಪನಿಂಗ್ ಒಂದಕ್ಕೆ ಶೇ. 54 ಬಂದರೆ ಅದು ಸಾಧಾರಣ. ಕರಿಯ ಡಿಫೆನ್ಸ್ ಒಂದಕ್ಕೆ ಶೇ. 49 ಬಂದರೆ ಅದು ಉತ್ತಮ.

4. ಹತ್ತು ಆಟ ಏನನ್ನೂ ಹೇಳುವುದಿಲ್ಲ

"ಹತ್ತರಾಗ ಏಳು ಗೆದ್ದೀನ್ರಿ, ಇದನ್ನ ಬಿಡಂಗಿಲ್ಲ" ಎಂದು ಹುಡುಗರು ಹಟ ಹಿಡಿಯುತ್ತಾರೆ. ಅವರ ಕೈಗೆ ನಾಣ್ಯ ಕೊಡುತ್ತೇನೆ. ಹತ್ತು ಸಲ ಚಿಮ್ಮಿಸಿದರೆ ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ರಾಜಮುಖ ಬೀಳುವ ಸಾಧ್ಯತೆ ಶೇ. 17, ಆರು ಮಕ್ಕಳು ಚಿಮ್ಮಿಸಿದರೆ ಒಬ್ಬರಿಗಾದರೂ ಹಾಗಾಗುವುದು ಸಹಜ. ಅದೇ ನೂರರಲ್ಲಿ ಎಪ್ಪತ್ತು ಅಥವಾ ಹೆಚ್ಚು ಬೀಳುವುದು ಲಕ್ಷಕ್ಕೆ ನಾಲ್ಕು ಸಲದ ಮಾತು. ತಾಲ್ಲೂಕು ಮಟ್ಟದಲ್ಲಿ ಒಂದು ಓಪನಿಂಗಿಗೆ ನೂರು ಆಟ ಸೇರಲು ಹಲವು ವರ್ಷ ಬೇಕು. ಅಲ್ಲಿಯವರೆಗೆ ಆ ಸಾಲನ್ನು ಪೆನ್ಸಿಲ್ಲಿನಲ್ಲೇ ಬರೆದಿಟ್ಟಿರುತ್ತೇನೆ.

5. ಸ್ವಿಸ್ ಪದ್ಧತಿ ಎಲ್ಲರನ್ನೂ ಐವತ್ತಕ್ಕೆ ಎಳೆಯುತ್ತದೆ

1895ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಗೆದ್ದವರಿಗೆ ಗೆದ್ದವರೇ ಜೋಡಿ, ಸೋತವರಿಗೆ ಸೋತವರು. ಮೊದಲ ಸುತ್ತಿನಲ್ಲಿ ನಾಲ್ಕು ನಡೆಯ ಮೇಟ್ ಹೊಡೆದವನಿಗೆ ಮೂರನೇ ಸುತ್ತಿನಲ್ಲಿ ಅದರ ಉತ್ತರ ಬಲ್ಲವನೇ ಎದುರಾಗುತ್ತಾನೆ. ಅದಕ್ಕೇ ವಹಿಯಲ್ಲಿ ಸುತ್ತಿನ ಸಂಖ್ಯೆಗೊಂದು ಕಲಂ ಇಟ್ಟಿದ್ದೇನೆ. ಮೊದಲ ಎರಡು ಸುತ್ತುಗಳ ಗೆಲುವು ಬೇರೆ, ಕೊನೆಯ ಎರಡರ ಗೆಲುವು ಬೇರೆ. ಈ ಎರಡರ ಅಂತರ ಹೆಚ್ಚಿದ್ದರೆ ಆ ಓಪನಿಂಗ್ ಹೊಸಬರನ್ನು ಹೊಡೆಯುತ್ತದೆ, ಬಲ್ಲವರ ಮುಂದೆ ನಿಲ್ಲುವುದಿಲ್ಲ.

6. ಗೆದ್ದದ್ದು ಓಪನಿಂಗೋ, ಮಗುವೋ, ಶಾಲೆಯೋ

ಕೋಷ್ಟಕದಲ್ಲಿ ಕ್ಯಾರೋ-ಕಾನ್ ಮೇಲೇರಿ ನಿಂತ ವರ್ಷವೂ ಒಂದಿತ್ತು. ಬಗೆದು ನೋಡಿದರೆ ಅದನ್ನು ಆಡುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬಳೇ ಹುಡುಗಿ. ಅವಳು ಏನು ಆಡಿದರೂ ಗೆಲ್ಲುವಂಥವಳು. ನಮ್ಮ ಕಡೆ ಓಪನಿಂಗ್ ಮಗುವಿನಿಂದ ಮಗುವಿಗೆ ಹರಡುವುದಕ್ಕಿಂತ ಮೇಷ್ಟ್ರಿಂದ ಇಡೀ ಶಾಲೆಗೆ ಹರಡುವುದೇ ಹೆಚ್ಚು. ಒಬ್ಬ ದೈಹಿಕ ಶಿಕ್ಷಕರು ಮೊಬೈಲಿನಲ್ಲಿ ಲಂಡನ್ ಸಿಸ್ಟಂ ನೋಡಿ ಕಲಿತರೆ ಆ ಶಾಲೆಯ ಎಲ್ಲರೂ ಲಂಡನ್. ಆ ಶಿಕ್ಷಕರು ಸಂಜೆ ನಿಂತು ಅಭ್ಯಾಸ ಮಾಡಿಸುವವರಾಗಿದ್ದರೆ ಲಂಡನ್ನಿನ ಗೆಲುವು ಏರುತ್ತದೆ. ಏರಿದ್ದು ಅವರ ಸಂಜೆಯ ದುಡಿಮೆಯಿಂದ, ಓಪನಿಂಗಿನಿಂದಲ್ಲ. ಇದನ್ನು ಬಿಡಿಸಿ ನೋಡಲು ನನಗೆ ಗೊತ್ತಿರುವುದು ಒಂದೇ ದಾರಿ: ಒಂದೇ ಮಗು ಎರಡು ಬೇರೆ ಓಪನಿಂಗ್ ಆಡಿದ ಆಟಗಳನ್ನು ಪಕ್ಕ ಪಕ್ಕ ಇಟ್ಟು ಹೋಲಿಸುವುದು.

ಲಂಡನ್ ಓಡುವುದಕ್ಕೆ ಕಾರಣ ಸರಳವಾಗಿದೆ. ಡಿ4, ಒಂಟೆ ಎಫ್4ಕ್ಕೆ, ಆಮೇಲೆ ಇ3, ಸಿ3. ಎದುರಿನವನು ಏನೇ ಆಡಲಿ ಹೆಚ್ಚುಕಡಿಮೆ ಇಷ್ಟೇ. ನೆನಪಿಡುವುದು ಕಡಿಮೆ. ಆದರೆ ಒಂಟೆ ಮನೆ ಬಿಟ್ಟ ಮೇಲೆ ಬಿ2 ಪ್ಯಾದೆಗೆ ಕಾವಲಿಲ್ಲ. ಕರಿಯವನು ಸಿ5 ನೂಕಿ ವಜೀರನನ್ನು ಬಿ6ಕ್ಕೆ ತಂದ ಗಳಿಗೆಯಲ್ಲಿ, ನಡೆಗಳನ್ನು ಬರೀ ಬಾಯಿಪಾಠ ಮಾಡಿದ ಮಗುವಿನ ಕೈ ಬೋರ್ಡಿನ ಮೇಲೆ ನಿಂತುಬಿಡುತ್ತದೆ.

7. ಹತ್ತನೇ ನಡೆಗೆ ಗೆರೆ ಎಳೆಯಿರಿ

ಮಕ್ಕಳ ಆಟ ತೀರ್ಮಾನವಾಗುವುದು ಹೆಚ್ಚಾಗಿ ಇಪ್ಪತ್ತನೇ ನಡೆಯ ಆಸುಪಾಸಿನಲ್ಲಿ, ಯಾರೋ ಒಬ್ಬರು ಆನೆಯನ್ನೋ ವಜೀರನನ್ನೋ ಸುಮ್ಮನೆ ಬಿಟ್ಟುಕೊಟ್ಟಾಗ. ಅದಕ್ಕೆ ಓಪನಿಂಗ್ ಹೊಣೆಯಲ್ಲ. ನಡೆ ಬರೆಯಲು ಕಲಿತ ಮಕ್ಕಳ ಹಾಳೆಗಳಲ್ಲಿ ಹತ್ತನೇ ನಡೆಯ ಕೆಳಗೆ ಕೆಂಪು ಗೆರೆ ಎಳೆದು, ಅಲ್ಲಿ ಯಾರ ಸ್ಥಿತಿ ಚೆನ್ನಾಗಿತ್ತು ಎಂದು ಗುರುತು ಹಾಕುತ್ತೇನೆ. ಓಪನಿಂಗಿಗೆ ಅಂಕ ಕೊಡುವುದಾದರೆ ಅಲ್ಲಿಗೆ ಕೊಡಬೇಕು. ಅದಕ್ಕಾಗಿಯೇ ಮಕ್ಕಳಿಗೆ ಮೊದಲು ನಡೆ ಬರೆಯಲು ಕಲಿಸಿ ಎಂದು ಎಲ್ಲ ಶಿಕ್ಷಕರನ್ನೂ ಬೇಡಿಕೊಳ್ಳುತ್ತೇನೆ.

8. ಅಭ್ಯಾಸಕ್ಕೆ ಬೇಕಾದ್ದು ಜನಪ್ರಿಯತೆಯ ಕಲಂ

ಇದು ನನ್ನ ಗಟ್ಟಿ ನಂಬಿಕೆ. ಪಾಲಕರು ಗೆಲುವಿನ ಕಲಂ ನೋಡುತ್ತಾರೆ, ನಾನು ಬಳಸುವುದು ಇನ್ನೊಂದನ್ನು. ಮಗುವಿಗೆ ಎದುರಾಗುವ ಹತ್ತು ಮಂದಿಯಲ್ಲಿ ಆರು ಮಂದಿ ರಾಜನ ಪ್ಯಾದೆ ನೂಕಿ ಒಂಟೆಯನ್ನು ಸಿ4ಕ್ಕೆ ತರುವವರಾದರೆ, ಅಭ್ಯಾಸದ ಹೊತ್ತಿನ ಬಹುಪಾಲು ಅದರ ಎದುರಿಗೇ ಹೋಗಬೇಕು. ಅಪರೂಪದ ಓಪನಿಂಗಿನ ಹನ್ನೆರಡನೇ ನಡೆ ಕಲಿತು ಪ್ರಯೋಜನವಿಲ್ಲ. ಕಿತ್ತೂರು ಉತ್ಸವದ ಕುಸ್ತಿ ಕಣಕ್ಕೆ ಇಳಿಯುವ ಪೈಲ್ವಾನನೂ ಎದುರಾಳಿಯ ಕೈಗೆ ಕೂತ ಪಟ್ಟು ಯಾವುದೆಂದು ವಿಚಾರಿಸಿಕೊಂಡೇ ತಾಲೀಮು ಮಾಡುತ್ತಾನೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಎಲ್ಲರೂ ಒಂದೇ ಕಡೆ ಸಿದ್ಧರಾಗಿದ್ದಾಗ ಬೇರೆಯದನ್ನು ತಂದವರಿಗೆ ಲಾಭ. 2024ರ ವಿಶ್ವ ಪಟ್ಟದ ಮೊದಲ ಆಟದಲ್ಲಿ ಡಿಂಗ್ ಲಿರೆನ್ ಕರಿಯ ಕಾಯಿಗಳಿಂದ, ಆ ಮಟ್ಟದಲ್ಲಿ ಕಡಿಮೆ ಕಾಣುವ ಫ್ರೆಂಚ್ ಡಿಫೆನ್ಸ್ ಆಡಿ ಗುಕೇಶ್ ಅವರನ್ನು ಸೋಲಿಸಿದರು. ನಮ್ಮಲ್ಲೂ ಇ4ಕ್ಕೆ ಇ6 ಆಡುವ ಮಗುವನ್ನು ಕಂಡರೆ ಎದುರಿನವರು ಎರಡನೇ ನಡೆಗೇ ಯೋಚನೆಗೆ ಬೀಳುತ್ತಾರೆ. ಪಳಗಿದ ಮಕ್ಕಳಿಗೆ ಮಾತ್ರ ಇದನ್ನು ಕಲಿಸುತ್ತೇನೆ.

9. ತಾಲ್ಲೂಕು ಗೆದ್ದ ಕೋಷ್ಟಕ ಜಿಲ್ಲೆಗೆ ನಡೆಯುವುದಿಲ್ಲ

ನಾಲ್ಕೂ ತಾಲ್ಲೂಕುಗಳು ಬೆಳಗಾವಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಗೆದ್ದವರು ಜಿಲ್ಲಾ ಮಟ್ಟದಲ್ಲಿ ಒಂದೆಡೆ ಕೂಡುತ್ತಾರೆ. ಮಲಪ್ರಭೆಯ ದಂಡೆಯ ರಾಮದುರ್ಗದ ಹುಡುಗರು ವರ್ಷಪೂರ್ತಿ ತಮ್ಮ ತಮ್ಮಲ್ಲೇ ಆಡಿ ಒಂದು ಬಗೆಯ ಆಟಕ್ಕೆ ಒಗ್ಗಿರುತ್ತಾರೆ, ಬೈಲಹೊಂಗಲದವರು ಇನ್ನೊಂದಕ್ಕೆ. ಅಲ್ಲಿ ಬೆಳಗಾವಿ ನಗರದಲ್ಲಿ ಕೋಚಿಂಗ್ ಪಡೆದ ಮಕ್ಕಳೂ ಸೇರಿಕೊಂಡರೆ ಓಡುವ ಓಪನಿಂಗುಗಳ ಪಟ್ಟಿಯೇ ಬದಲಾಗುತ್ತದೆ. ಆದ್ದರಿಂದ ಜಿಲ್ಲೆಗೆ ಹೊರಡುವ ವಾರ ಮಕ್ಕಳ ಕೈಗೆ ಒಂದೊಂದು ತಾಲ್ಲೂಕಿಗೆ ಒಂದೊಂದು ಚೀಟಿ ಬರೆದು ಕೊಡುತ್ತೇನೆ. ಅದರಲ್ಲಿ ಅಲ್ಲಿ ಹೆಚ್ಚು ಓಡುವ ಮೂರು ಓಪನಿಂಗುಗಳು, ಪ್ರತಿಯೊಂದಕ್ಕೂ ಮೊದಲ ಆರು ನಡೆಗಳ ಉತ್ತರ. ಗೆಲುವಿನ ಶೇಕಡಾವಾರನ್ನು ಚೀಟಿಯಲ್ಲಿ ಬರೆಯುವುದಿಲ್ಲ.