ಹಸಿವಿದ್ದೂ ಉಣ್ಣದ ವ್ಯಾಧಿ: ಅನೊರೆಕ್ಸಿಯಾ ನರ್ವೋಸಾ

ಮುಂಬಯಿ, ಠಾಣೆ, ಡೊಂಬಿವಲಿಗಳ ಅನೇಕ ಮನೆಗಳಲ್ಲಿ ಎಲ್ಲರೂ ಕೂಡಿ ಉಣ್ಣುವುದು ರಾತ್ರಿಯೊಮ್ಮೆ ಮಾತ್ರ. ಆದುದರಿಂದ ಕಾಲೇಜಿಗೆ ಹೋಗುವ ಮಗಳು ಡಬ್ಬಿಯ ಅನ್ನವನ್ನು ಚೆಲ್ಲಿ ಬರುತ್ತಿರುವುದು ತಾಯಿಗೆ ತಿಂಗಳುಗಟ್ಟಲೆ ತಿಳಿಯದೆ ಹೋಗಬಹುದು. ತಿಳಿದಾಗಲೂ ಅದು 'ಹಠ'ವೆನಿಸಿಕೊಳ್ಳುತ್ತದೆ. ವಾಸ್ತವವಾಗಿ ಇದು ಪ್ರಾಣಾಪಾಯವುಳ್ಳ ಮನೋವ್ಯಾಧಿ.

1873ರಲ್ಲಿ ಪ್ಯಾರಿಸಿನ ಲಾಸೆಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಇದನ್ನು ಪ್ರತ್ಯೇಕವಾಗಿ ವಿವರಿಸಿದರು. ಇದು ಪಶ್ಚಿಮಕ್ಕೆ ಮಾತ್ರ ಸೀಮಿತವೆಂಬುದು ತಪ್ಪು ಕಲ್ಪನೆ. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಮೀಕ್ಷೆಯೊಂದರಲ್ಲಿ, 66 ಮನೋವೈದ್ಯರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲಿನವರು ಆಹಾರಸೇವನೆಗೆ ಸಂಬಂಧಿಸಿದ ಮನೋವ್ಯಾಧಿಯ ಒಬ್ಬ ರೋಗಿಯನ್ನಾದರೂ ಕಂಡಿದ್ದರು.

ಲಕ್ಷಣಗಳು: ತೂಕ ಇಳಿಯುತ್ತಿದ್ದರೂ ದಪ್ಪವಾಗುವ ಭಯ, ಅತಿಯಾದ ವ್ಯಾಯಾಮ, ಮುಟ್ಟು ನಿಲ್ಲುವುದು, ಸದಾ ಚಳಿ, ಮೈಮೇಲೆ ನವಿರಾದ ರೋಮ, ನಿಧಾನಗತಿಯ ನಾಡಿ. ನಮ್ಮವರಲ್ಲಿ ಕೆಲವರು ದಪ್ಪವಾಗುವ ಭಯವನ್ನು ಹೇಳಿಕೊಳ್ಳದೆ, ಹೊಟ್ಟೆಯುಬ್ಬರವನ್ನೋ ಉಪವಾಸವನ್ನೋ ಮುಂದೊಡ್ಡುವುದುಂಟು. ಏಕಾದಶಿಗೆ ಮರುದಿನ ಪಾರಣೆಯಿದೆ. ಈ ವ್ಯಾಧಿಗೆ ಪಾರಣೆಯಿಲ್ಲ. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ.

ಪರೀಕ್ಷೆ: ಕುಟುಂಬ ವೈದ್ಯರು ಮೊದಲು ಕ್ಷಯ, ಸಿಹಿಮೂತ್ರ, ಥೈರಾಯ್ಡ್ ಮತ್ತು ಕರುಳಿನ ರೋಗಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ತೂಕ, ಎತ್ತರ, ಮಲಗಿದಾಗಿನ ಮತ್ತು ನಿಂತಾಗಿನ ರಕ್ತದೊತ್ತಡ, ಹೃದಯದ ವಿದ್ಯುತ್ ಲೇಖ, ರಕ್ತದ ಪೊಟ್ಯಾಸಿಯಂ ಹಾಗೂ ಫಾಸ್ಫೇಟ್ ನೋಡುವುದು ಅಗತ್ಯ. ರಕ್ತಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದು. ಮೂರ್ಛೆ, ಎದೆಬಡಿತದ ಏರುಪೇರು, ನೀರನ್ನೂ ನಿರಾಕರಿಸುವುದು, ಆತ್ಮಹತ್ಯೆಯ ಮಾತು ಕಂಡುಬಂದರೆ ಆಸ್ಪತ್ರೆಗೆ ಸೇರಿಸಲು ತಡಮಾಡಬಾರದು.

ಚಿಕಿತ್ಸೆ: ಆಹಾರವೇ ಮೊದಲ ಔಷಧ. ಆದರೆ ಬಹುಕಾಲ ಬರಿಹೊಟ್ಟೆಯಲ್ಲಿದ್ದವರಿಗೆ ಒಮ್ಮೆಲೇ ತುಂಬ ಉಣಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ಧಕ್ಕೆಯಾಗಬಹುದು. ಅದಕ್ಕಾಗಿ ವೈದ್ಯರ ಮೇಲ್ವಿಚಾರಣೆಯಲ್ಲಿ ಥಯಾಮಿನ್ ಜೀವಸತ್ವವನ್ನು ಕೊಟ್ಟು, ಆಹಾರವನ್ನು ಹಂತಹಂತವಾಗಿ ಹೆಚ್ಚಿಸಬೇಕು. ಹದಿಹರೆಯದವರಲ್ಲಿ ತಂದೆತಾಯಿಯರೇ ಊಟದ ಹೊಣೆ ಹೊತ್ತು, ತೂಕ ಮರಳಿದಂತೆ ಅದನ್ನು ಮಕ್ಕಳಿಗೊಪ್ಪಿಸುವ ಕುಟುಂಬಾಧಾರಿತ ಚಿಕಿತ್ಸೆ ಉತ್ತಮ ಫಲ ನೀಡಿದೆ. ಇದರೊಂದಿಗೆ ಮನೋವೈದ್ಯರ ಹಾಗೂ ಆಹಾರತಜ್ಞರ ನೆರವೂ ಬೇಕು. ಗದರಿಕೆ, ಅಪಹಾಸ್ಯ, ಇತರರೊಡನೆ ಹೋಲಿಕೆ ಇವು ರೋಗವನ್ನು ಬಲಪಡಿಸುತ್ತವೆ.

2022ರಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಉಚಿತ ಸಲಹೆ ದೊರೆಯುತ್ತದೆ. ಗುಣವಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯಬಹುದು. ಆದರೆ ಬೇಗ ಗುರುತಿಸಿದಷ್ಟೂ ಗುಣಹೊಂದುವ ಭರವಸೆ ಹೆಚ್ಚು. ತುಂಬಿದಂತೆಯೇ ಮರಳಿ ಬಂದ ಡಬ್ಬಿಯನ್ನು ಕಂಡಾಗ ಸಿಟ್ಟಾಗದೆ, ಮಗುವಿನ ಪಕ್ಕದಲ್ಲಿ ಕುಳಿತು ವಿಚಾರಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.