ಹಿರಿಯರ ಋಣ

ಹಿರಿಯರು ಮಾಡಿದ ಅನ್ಯಾಯಕ್ಕೆ ಮಕ್ಕಳು ತಪ್ಪಿತಸ್ಥರೇ? ಮನುಷ್ಯನನ್ನು ಅವನ ಗುಣದಿಂದಲೇ ಅಳೆಯಬೇಕೆಂದ ಮೇಲೆ ಸರ್ಕಾರದ ಅರ್ಜಿಯಲ್ಲಿ ಜಾತಿಯನ್ನೇಕೆ ಕೇಳಬೇಕು? ವಿದ್ಯಾರ್ಥಿಮಿತ್ರರೇ, ನಮ್ಮ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಈ ಪ್ರಶ್ನೆಗಳು ಏಳುತ್ತವೆ. ವಾದ ಕಾವೇರುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಅಂದು ಹೇಳದೆ ಉಳಿದುದನ್ನು ಇಲ್ಲಿ ಬರೆಯುತ್ತೇನೆ.

ಮೈಸೂರು ಸೀಮೆಗೆ ಈ ವಾದ ಹೊಸದಲ್ಲ. ನೂರು ವರ್ಷಗಳ ಹಿಂದೆ ಸಂಸ್ಥಾನದ ಮೇಲಿನ ಹುದ್ದೆಗಳಲ್ಲಿ ಬಹುಪಾಲು, ಸಂಖ್ಯೆಯಲ್ಲಿ ಅತ್ಯಲ್ಪರಾದ ಬ್ರಾಹ್ಮಣರ ಕೈಯಲ್ಲಿದ್ದವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಅರ್ಹತೆಯೇ ಅಳತೆಗೋಲಾಗಬೇಕು, ವಿದ್ಯೆ ಹರಡಿದಂತೆ ಅಂತರ ಅಳಿಯುತ್ತದೆ ಎಂದು ನಂಬಿದ್ದ ದಿವಾನ್ ವಿಶ್ವೇಶ್ವರಯ್ಯನವರು ಈ ಹಾದಿಯನ್ನೊಪ್ಪದೆ ಅದೇ ವರ್ಷ ಅಧಿಕಾರ ಬಿಟ್ಟರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲೆರಡು ಪಾಲು ಇತರ ಸಮಾಜಗಳಿಗೆ ದೊರೆಯಬೇಕೆಂದು ಸಮಿತಿ 1919ರಲ್ಲಿ ವರದಿಯಿತ್ತಿತು.

ಈ ಚರಿತ್ರೆ ನನ್ನ ಮನೆಯದೂ ಹೌದು. ನನ್ನ ಮುತ್ತಜ್ಜ ಆ ಕಾಲದ ಗುಮಾಸ್ತರು, ಯಾರನ್ನೂ ನೋಯಿಸಿದವರಲ್ಲ. ಆದರೆ ಅವರಿಗೆ ತೆರೆದಿದ್ದ ಶಾಲೆಯ ಬಾಗಿಲು ಊರಾಚೆಯ ಕೇರಿಯ ಹುಡುಗನಿಗೆ ತೆರೆದಿರಲಿಲ್ಲ. ಗುಮಾಸ್ತರ ಮಗ ಅಧಿಕಾರಿಯಾದರು. ಜಯನಗರದಲ್ಲಿ ನಿವೇಶನ ಕೊಂಡು ಮನೆ ಕಟ್ಟಿಸಿದರು. ನಾನು ಹುಟ್ಟಿದ್ದು ಆ ಮನೆಯಲ್ಲೇ. ತಂದೆಯ ಪಾಪ ಮಗನಿಗೆ ಇಳಿಯದು, ನಿಜ. ಮನೆ ಮಾತ್ರ ಇಳಿದು ಬರುತ್ತದೆ. ಮನೆಯನ್ನು ಪಡೆದವನು ಅದರ ಮೇಲಿನ ಸಾಲವನ್ನೂ ಹೊರಬೇಕು. ಇದು ಮರ್ಯಾದಸ್ಥರ ನಡತೆ.

ಕೆಲವು ವರ್ಷಗಳ ಹಿಂದೆ ಆ ಮನೆಯ ಮಹಡಿ ಬಾಡಿಗೆಗಿತ್ತು. ಕೇಳಿಕೊಂಡು ಬಂದ ತರುಣ ಅಧ್ಯಾಪಕ, ಮಿತಭಾಷಿ. ನಮ್ಮ ಹಿರಿಯರೊಬ್ಬರು, “ನೀವು ಯಾವ ಪೈಕಿ?” ಎಂದರು. ಆತ ಹೇಳಿದ. “ಮನೆಯಲ್ಲಿ ಕೇಳಿ ತಿಳಿಸುತ್ತೇವೆ” ಎಂಬ ಉತ್ತರ ಬಂತು. ಆತ ಗೇಟನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ನಾನು ಪಕ್ಕದಲ್ಲೇ ಇದ್ದು ಸುಮ್ಮನಿದ್ದೆ. ಮುತ್ತಜ್ಜನ ಕಾಲದ್ದು ನನ್ನ ತಪ್ಪಲ್ಲ. ಆ ಮೌನ ನನ್ನದೇ.

ಹಾಗಾದರೆ ಜಾತಿ ಕೇಳುವುದು ಸರಿಯೋ ತಪ್ಪೋ? ಸಂವಿಧಾನದ 15ನೆಯ ವಿಧಿ ಜಾತಿಯ ಕಾರಣದಿಂದ ಭೇದವೆಣಿಸಬಾರದೆನ್ನುತ್ತದೆ. 1951ರಲ್ಲಿ ಅದಕ್ಕೆ ಸೇರಿದ ನಾಲ್ಕನೆಯ ಉಪವಿಧಿ ಹಿಂದುಳಿದವರಿಗೆ ವಿಶೇಷ ನೆರವನ್ನು ಒಪ್ಪುತ್ತದೆ. 1962ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೈಸೂರು ಸರ್ಕಾರವಿಟ್ಟಿದ್ದ ಶೇಕಡ 68ರ ಮೀಸಲಾತಿಯನ್ನು ರದ್ದುಮಾಡಿತು. ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಯಾಗದೆಂದಿತು. ಆದರೂ ಮೀಸಲಾತಿಯ ತತ್ತ್ವವನ್ನು ಅಲ್ಲಗಳೆಯಲಿಲ್ಲ. ಸಾಲವೆಷ್ಟೆಂಬ ಲೆಕ್ಕದಲ್ಲಿ ಚರ್ಚೆಗೆ ಎಡೆಯುಂಟು. ಸಾಲವೇ ಇಲ್ಲವೆನ್ನಲು ಎಡೆಯಿಲ್ಲ.

ಸರ್ಕಾರದ ಲೆಕ್ಕದಲ್ಲಿ ಜಾತಿಯನ್ನು ಬರೆಯುವುದು ಹಳೆಯ ಬಾಕಿಯನ್ನು ತಿಳಿಯಲು. ಮನೆಬಾಗಿಲಲ್ಲಿ ಕೇಳಿದರೆ ಬಾಕಿ ಬೆಳೆಯುತ್ತದೆ. ಮಹಡಿ ಮತ್ತೆ ಖಾಲಿಯಾದಾಗ ನಾನೇ ಬಾಗಿಲಿಗೆ ಹೋದೆ. ಬಂದವರ ಹೆಸರು, ಕೆಲಸ, ಅಡ್ವಾನ್ಸು ಯಾವಾಗ ಕೊಡುತ್ತೀರಿ ಎಂಬುದು, ಇಷ್ಟನ್ನೇ ಕೇಳಿದೆ.